ಊರಿಗೊಂದು ವೈಸ್: ಆರಿಸುವ ಕ್ರಮ, ಕಾಪಾಡುವ ಕ್ರಮ



ಎಡೆಕುಂಟೆಯ ಕುಡ ಮೊಂಡಾದಾಗ ನಮ್ಮ ಊರುಗಳಲ್ಲಿ ಅದನ್ನು ಅರದಿಂದ ಮಸೆಯುವ ರೀತಿ ಎಲ್ಲರಿಗೂ ಗೊತ್ತಿದೆ. ಕುಡವನ್ನು ಕಲ್ಲಿನ ಮೇಲಿಟ್ಟು, ಎಡಗಾಲಿನಿಂದ ಮೆಟ್ಟಿ ಹಿಡಿದು, ಎರಡು ಕೈಯಿಂದ ಅರ ಆಡಿಸುತ್ತೇವೆ. ಅರ ಜಾರಿದರೆ ಪೆಟ್ಟು ಕಾಲಿನ ಹೆಬ್ಬೆರಳಿಗೆ, ಕುಡ ಜಾರಿದರೆ ಅಂಗೈಗೆ. ಹೀಗೆ ಗಾಯವಾದ ಕಾಲನ್ನೇ ಮರುದಿನ ಕೆಸರಿನಲ್ಲಿ, ಕೊಟ್ಟಿಗೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಇಡಬೇಕಾಗುತ್ತದೆ. ಧನುರ್ವಾಯು ಬರುವುದು ಇಂಥ ಗಾಯಗಳಿಂದಲೇ. ಗಾಯ ಸಣ್ಣದೆಂದು ಅರಿಸಿನ ಮೆತ್ತಿ ಸುಮ್ಮನಾಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅದಕ್ಕಿಂತ ಮೊದಲು, ಕಾಲಿನಿಂದ ಕಬ್ಬಿಣ ಹಿಡಿಯುವ ಈ ಪದ್ಧತಿಯನ್ನೇ ಬಿಡಬೇಕು.

ಇದನ್ನು ಒಬ್ಬ ಹಿರಿಯ ರೈತರಲ್ಲಿ ಹೇಳಿದಾಗ ಅವರು, "ಅಲ್ಲಪ್ಪಾ, ಕಾಲೂ ಬೇಡ ಅಂದ್ರೆ ಮೂರನೇ ಕೈ ಎಲ್ಲಿಂದ ತರೋದು?" ಎಂದು ನಕ್ಕರು. ಆ ಮೂರನೆಯ ಕೈಯೇ ವೈಸ್. ಮೇಜಿಗೆ ಬಿಗಿದಿಟ್ಟ ಎರಡು ದವಡೆಗಳು. ಒಂದು ಅಲುಗಾಡದ್ದು, ಇನ್ನೊಂದು ತಿರುಪಿನಿಂದ ಮುಂದೆ ಹಿಂದೆ ಸರಿಯುವಂಥದು. ಅದರ ಹಿಡಿತದ ಬಲ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಹಿಡಿಯ ಉದ್ದ ತಿರುಪಿನ ನಡುವಿನಿಂದ 20 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ನಮ್ಮ ಕೈ ಸುಮಾರು 125 ಸೆಂಟಿಮೀಟರ್ ನಡೆಯುತ್ತದೆ. ಅಷ್ಟರಲ್ಲಿ ದವಡೆ ಸರಿಯುವುದು ಅರ್ಧ ಸೆಂಟಿಮೀಟರ್ ಮಾತ್ರ. ಎಂದರೆ ಬಲ 250 ಪಟ್ಟು. ಹಿಡಿಯ ಮೇಲೆ 10 ಕಿಲೋ ಬಲ ಹಾಕಿದರೆ 2,500 ಕಿಲೋ ಆಗಬೇಕು. ತಿಕ್ಕಾಟದಲ್ಲಿ ಬಹುಪಾಲು ಕಳೆದು ಐದರಲ್ಲಿ ಒಂದು ಪಾಲು ಉಳಿಯಿತೆಂದರೂ 500 ಕಿಲೋ. ಯಾರ ಕಾಲೂ ಹೀಗೆ ಒತ್ತಿ ಹಿಡಿಯಲಾರದು. ಆ ತಿಕ್ಕಾಟವೂ ವ್ಯರ್ಥವಲ್ಲ. ನಾವು ಹಿಡಿ ಬಿಟ್ಟ ಮೇಲೂ ತಿರುಪು ತಾನಾಗಿ ಹಿಂದಕ್ಕೆ ಸಡಿಲದೆ ನಿಲ್ಲುವುದು ಅದರಿಂದಲೇ.

ಮನೆಗೊಂದು ವೈಸ್ ಬೇಕೆಂದು ನಾನು ಹೇಳುವುದಿಲ್ಲ. ಐದಾರು ಮನೆಯವರು ಸೇರಿ ಒಂದನ್ನು ಕೊಂಡರೆ ಸಾಕು. ಆದರೆ ಅದನ್ನು ಒಳ್ಳೆಯದನ್ನೇ ಕೊಳ್ಳಬೇಕು. ವೈಸಿನ ಅಳತೆಯೆಂದರೆ ದವಡೆಯ ಅಗಲ. ಮೆಟ್ರಿಕ್ ಅಳತೆಗಳು ನಮ್ಮ ದೇಶದಲ್ಲಿ 1958ರಿಂದ ಜಾರಿಗೆ ಬಂದರೂ ಅಂಗಡಿಗಳಲ್ಲಿ ಇಂಚಿನ ಮಾತೇ ಹೆಚ್ಚು. ಅವರು 4 ಇಂಚು ಎನ್ನುವುದು 100 ಮಿಲಿಮೀಟರ್, 5 ಇಂಚು ಎನ್ನುವುದು 125 ಮಿಲಿಮೀಟರ್. ಒಕ್ಕಲುತನದ ಸಾಮಾನು ರಿಪೇರಿಗೆ 125 ಮಿಲಿಮೀಟರಿನದು ತಕ್ಕದ್ದು. 75ರದ್ದು ಅಗ್ಗವೆಂದು ತಂದರೆ ಕುಂಟೆಯ ಕುಡವೂ ಪಂಪಿನ ಪೈಪೂ ಅದರಲ್ಲಿ ನಿಲ್ಲುವುದಿಲ್ಲ.

ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಹೆಚ್ಚಿನ ವೈಸುಗಳ ಮೈ ಬೀಡು ಕಬ್ಬಿಣದ್ದು. ಬೀಡು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಆದರೆ ಎಳೆತವನ್ನೂ ಪೆಟ್ಟನ್ನೂ ತಾಳದು. ಬಾಗದೆ ಒಮ್ಮೆಗೇ ಒಡೆಯುತ್ತದೆ. ಎರಕ ಹೊಯ್ಯುವಾಗ ಆದ ತೂತನ್ನು ಮೆತ್ತಿ ಬಣ್ಣ ಬಳಿದಿದ್ದರೆ ಹೊರಗೆ ಕಾಣದು. ಆದ್ದರಿಂದ ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವಂತೆ ವೈಸನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಎರಕ ಸ್ವಚ್ಛವಾಗಿ ದನಿ ಕೊಡುತ್ತದೆ, ಬಿರುಕಿದ್ದರೆ ದನಿ ಒಡಕು. ಅನಂತರ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬೆಳಕು ತೂರಿ ಬಂದರೆ ಆ ವೈಸ್ ಬೇಡ. ದವಡೆಯನ್ನು ಅರ್ಧ ತೆರೆದು ಕೈಯಿಂದ ಮೇಲಕ್ಕೆತ್ತಿ, ಪಕ್ಕಕ್ಕೆ ನೂಕಿ. ಸ್ವಲ್ಪ ಆಟವಿರುವುದು ಸಹಜ, ಗಡಗಡ ಎನ್ನಬಾರದು. ತಿರುಪನ್ನು ಪೂರ್ತಿ ಉದ್ದಕ್ಕೆ ತಿರುಗಿಸಿ ನೋಡಿ. ಎಲ್ಲಿಯೂ ಹಿಡಿದು ನಿಲ್ಲಬಾರದು. ತಿರುಪಿನ ಸುತ್ತುಗಳು ಚೌಕವಾಗಿ ದಪ್ಪವಾಗಿರಬೇಕು, ಮಾಮೂಲು ಬೋಲ್ಟಿನಂತೆ ಚೂಪಾಗಿರಬಾರದು. ದವಡೆಯ ಮುಖಕ್ಕೆ ಗೀರು ಹಾಕಿದ ಉಕ್ಕಿನ ಪಟ್ಟಿಗಳಿದ್ದು, ಸವೆದಾಗ ಬದಲಾಯಿಸುವಂತೆ ಸ್ಕ್ರೂಗಳಿಂದ ಕೂರಿಸಿರಬೇಕು.

ಕಾದ ಕಬ್ಬಿಣ ಬಡಿಯುವ ಕೆಲಸಕ್ಕೆ ಈ ವೈಸ್ ಅಲ್ಲ. ಅದಕ್ಕೆ ಕುಲುಮೆಯಲ್ಲಿರುವ ಕಾಲುಳ್ಳ ವೈಸ್ ಬೇಕು. ಅದರ ಮೈ ಬಡಿದು ಮಾಡಿದ್ದು, ಬೀಡಿನದಲ್ಲ. ಪೆಟ್ಟು ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಊರಿನಲ್ಲಿ ಕಮ್ಮಾರರು ಇದ್ದರೆ ಬಡಿಗೆಲಸವನ್ನು ಅವರಿಗೇ ಬಿಡುವುದು ಲೇಸು. ಅರ ಹಾಕುವುದು, ಗರಗಸದಿಂದ ಕೊಯ್ಯುವುದು, ನಟ್ಟು ಬಿಚ್ಚುವುದು, ಕುಡುಗೋಲು ಮಸೆಯುವುದು ಇವಿಷ್ಟೇ ನಮ್ಮ ವೈಸಿನ ಕೆಲಸ. ಹದದ ಮಳೆ ಬಿದ್ದ ದಿನ ಒಂದು ಬೋಲ್ಟಿಗಾಗಿ ಪೇಟೆಗೆ ಹೋಗಿ ಒಂದು ಹೊತ್ತು ಕಳೆಯುವುದನ್ನು ಇಷ್ಟರಿಂದಲೇ ತಪ್ಪಿಸಬಹುದು.

ಕೂರಿಸುವ ಎತ್ತರದ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ನೀವು ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ದವಡೆಯ ಮೇಲ್ತುದಿ ಮೊಣಕೈಯ ಮಟ್ಟಕ್ಕೆ ಬರಬೇಕು. ತಗ್ಗಾದರೆ ನಡು ನೋಯುತ್ತದೆ, ಎತ್ತರವಾದರೆ ಅರ ಸಮನಾಗಿ ನಡೆಯದು. ಮೇಜಿಗೆ ದಪ್ಪ ಹಲಗೆ ಬೇಕು. ಹಳೆಯ ತೊಲೆಯ ತುಂಡಾದರೆ ಇನ್ನೂ ಒಳ್ಳೆಯದು. ವೈಸಿನ ತಳದ ಎಲ್ಲ ತೂತುಗಳಿಗೂ ಹಲಗೆಯ ಆಚೆಗೆ ಹೊರಡುವ ಬೋಲ್ಟು ಹಾಕಿ, ಅಡಿಯಲ್ಲಿ ಅಗಲವಾದ ವಾಷರ್ ಇಟ್ಟು ಬಿಗಿಯಬೇಕು. ಮರದ ಸ್ಕ್ರೂ ನಿಲ್ಲುವುದಿಲ್ಲ. ಅಲುಗಾಡದ ದವಡೆಯ ಮುಖ ಮೇಜಿನ ಅಂಚಿಗಿಂತ ಸ್ವಲ್ಪ ಹೊರಗೆ ಚಾಚಿರಲಿ. ಹಾಗಿದ್ದರೆ ಉದ್ದನೆಯ ಸಲಾಕೆಯನ್ನು ನೆಟ್ಟಗೆ ಕೆಳಕ್ಕೆ ಬಿಟ್ಟು ಹಿಡಿಯಬಹುದು.

ಇನ್ನು ವೈಸನ್ನು ಕೆಡಿಸುವ ಕೆಲಸಗಳು. ಮೊದಲನೆಯದು, ಹಿಡಿಗೆ ಪೈಪು ತೊಡಿಸಿ ಬಿಗಿಯುವುದು. 20 ಸೆಂಟಿಮೀಟರಿನ ಹಿಡಿಯನ್ನು ಪೈಪಿನಿಂದ 90 ಸೆಂಟಿಮೀಟರ್ ಮಾಡಿದರೆ ಅದೇ ಕೈಬಲಕ್ಕೆ ಹಿಡಿತ ನಾಲ್ಕೂವರೆ ಪಟ್ಟು ಆಗುತ್ತದೆ. ಮೇಲಿನ ಲೆಕ್ಕದ 500 ಕಿಲೋ 2,250 ಆಯಿತು. ಹಿಡಿಯ ಉದ್ದವನ್ನು ತಯಾರಕರು ವೈಸಿನ ಶಕ್ತಿಗೆ ತಕ್ಕಂತೆ ಇಟ್ಟಿರುತ್ತಾರೆ. ಅದನ್ನು ಮೀರಿದರೆ ಒಳಗಿನ ನಟ್ಟು ಸುಲಿಯುತ್ತದೆ, ಇಲ್ಲವೇ ದವಡೆಯೇ ಒಡೆಯುತ್ತದೆ. ಒಡೆದ ಬೀಡನ್ನು ಬೆಸೆಯುವುದು ಕಷ್ಟ. ಬೆಸೆದರೂ ಪಕ್ಕದಲ್ಲಿ ಮತ್ತೆ ಬಿರುಕು ಬಿಡುವುದೇ ಹೆಚ್ಚು. ಹಿಡಿಯನ್ನು ಸುತ್ತಿಗೆಯಿಂದ ಹೊಡೆದು ಬಿಗಿಯುವುದೂ ಇದೇ ತಪ್ಪು. ಎರಡು ಕೈಬಲದಲ್ಲಿ ನಿಲ್ಲದ ಸಾಮಾನನ್ನು ಆ ವೈಸಿನಲ್ಲಿ ಹಿಡಿಯಲೇಬಾರದು.

ಎರಡನೆಯದು, ಸಾಮಾನನ್ನು ದವಡೆಯ ಒಂದು ಮೂಲೆಯಲ್ಲಿ ಹಿಡಿಯುವುದು. ಇದರಿಂದ ದವಡೆ ಓರೆಯಾಗಿ ಸವೆಯುತ್ತದೆ. ಮೂಲೆಯಲ್ಲೇ ಹಿಡಿಯಬೇಕಾಗಿ ಬಂದರೆ ಇನ್ನೊಂದು ಮೂಲೆಗೆ ಅಷ್ಟೇ ದಪ್ಪದ ತುಂಡು ಕೊಡಿ. ಸಣ್ಣ ಪೆಟ್ಟು ಹಾಕಲೇಬೇಕಾದಾಗ ಅದು ಅಲುಗಾಡದ ದವಡೆಯ ಕಡೆಗೆ ಬೀಳುವಂತೆ ನಿಲ್ಲಿ. ಗರಗಸದಿಂದ ಕೊಯ್ಯುವ ಗುರುತು ದವಡೆಗೆ ಹತ್ತಿರವಿರಲಿ. ದೂರವಾದಷ್ಟೂ ಸಾಮಾನು ನಡುಗಿ ಬ್ಲೇಡು ಮುರಿಯುತ್ತದೆ. ಪಂಪಿನ ಷಾಫ್ಟು, ಬೋಲ್ಟಿನ ಥ್ರೆಡ್ಡು ಮೊದಲಾದ ನಯವಾದ ಭಾಗಗಳನ್ನು ಉಕ್ಕಿನ ಗೀರುಗಳ ನಡುವೆ ನೇರವಾಗಿ ಕಚ್ಚಿಸಬೇಡಿ. ಅಲ್ಯುಮಿನಿಯಂ ಇಲ್ಲವೆ ತಾಮ್ರದ ತಗಡನ್ನು ಮಡಚಿ ಎರಡೂ ದವಡೆಗೆ ಟೋಪಿಯಂತೆ ಹಾಕಿಕೊಳ್ಳಿ. ಮರದ ಎರಡು ತುಂಡುಗಳಾದರೂ ಆದೀತು.

ಷಾಫ್ಟಿಗೆ ಕೀಲಿಯ ಗಾಡಿ ತೆಗೆಸಬೇಕಾದರೆ ನಮ್ಮ ವೈಸ್ ಸಾಲದು, ಮಿಲ್ಲಿಂಗ್ ಯಂತ್ರವಿರುವ ಕಡೆಗೇ ಹೋಗಬೇಕು. ಹೆಸರು ಕೇಳಿ ಹಿಟ್ಟಿನ ಗಿರಣಿ ಎಂದುಕೊಳ್ಳಬೇಡಿ. ಹಲ್ಲುಳ್ಳ ಉಳಿಯೊಂದು ಗರಗರ ತಿರುಗುತ್ತ ಕಬ್ಬಿಣವನ್ನು ಹೆರೆಯುವ ಯಂತ್ರ ಇದು. ಅದರ ಮೇಲೂ ಒಂದು ವೈಸ್ ಇರುತ್ತದೆ, ಆದರೆ ಜಾತಿ ಬೇರೆ: ಗಿಡ್ಡ, ತಳ ಸಮತಟ್ಟು, ದವಡೆ ತಳಕ್ಕೆ ನೇರ ಲಂಬ. ಬಿಗಿಯುವಾಗ ಸರಿಯುವ ದವಡೆ ಸಾಮಾನನ್ನು ತುಸು ಮೇಲಕ್ಕೆತ್ತುವುದು ಅದರ ಸ್ವಭಾವ. ಅದಕ್ಕಾಗಿ ಒಳ್ಳೆಯ ಕೆಲಸಗಾರರು ಚಪ್ಪಟೆ ಸಾಮಾನಿನ ಅಡಿಗೆ ಎರಡು ಕಾಗದದ ಚೂರು ಇಟ್ಟು, ಬಿಗಿದು, ಮರದ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಎರಡು ಚೂರೂ ಎಳೆದರೆ ಬರದಿದ್ದರೆ ಸಾಮಾನು ಸರಿಯಾಗಿ ಕುಳಿತಿದೆ ಎಂದರ್ಥ. ಒಂದೇ ಒಂದು ಕಬ್ಬಿಣದ ಪುಡಿ ಅಡಿಯಲ್ಲಿ ಸಿಕ್ಕಿದರೂ ಕೆಲಸ ಓರೆ. ನಿಮ್ಮ ಕೆಲಸ ಕೊಡುವ ಮುಂಚೆ ಆ ವೈಸನ್ನು ಒಮ್ಮೆ ನೋಡಿ. ಅದು ಕಸದಲ್ಲಿ ಹೂತಿದ್ದರೆ ಬೇರೆ ಅಂಗಡಿ ಹುಡುಕಿ. ತೂತು ಕೊರೆಯುವ ಯಂತ್ರದಲ್ಲಂತೂ ತಗಡನ್ನು ಯಾರೂ ಕೈಯಲ್ಲಿ ಹಿಡಿಯಕೂಡದು. ತೂತು ಆಚೆಗೆ ಬೀಳುವ ಕ್ಷಣದಲ್ಲಿ ಬೈರಿಗೆ ತಗಡನ್ನು ಕಚ್ಚಿ ಚಕ್ರದಂತೆ ತಿರುಗಿಸುತ್ತದೆ. ಅಂಚು ಬೆರಳಿಗೆ ತಗುಲಿದರೆ ಕುಡುಗೋಲಿಗಿಂತ ಕೇಡು.

ವೈಸಿನ ಆರೈಕೆ ದಿನಕ್ಕೆ ಎರಡು ನಿಮಿಷದ ಕೆಲಸ. ಅರದ ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ಪುಡಿ ಕಣ್ಣಿಗೆ ಬೀಳುತ್ತದೆ. ಸರಿಯುವ ಜಾಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಒರೆಸಿ. ಯೂರಿಯಾ, ಪೊಟ್ಯಾಷ್ ಚೀಲಗಳ ಪಕ್ಕದಲ್ಲಿ ವೈಸ್ ಇರಬಾರದು. ಮಳೆಗಾಲದ ತೇವದ ಜೊತೆ ಗೊಬ್ಬರದ ಉಪ್ಪು ಸೇರಿದರೆ ಕಬ್ಬಿಣ ಬಲು ಬೇಗ ತುಕ್ಕು ತಿನ್ನುತ್ತದೆ.

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಸುಗ್ಗಿ ಮುಗಿದ ಮೇಲೆ, ತಿರುಪನ್ನು ಪೂರ್ತಿ ಬಿಚ್ಚಿ ಸರಿಯುವ ದವಡೆಯನ್ನು ಹೊರಕ್ಕೆ ತೆಗೆಯಿರಿ. ಕೊನೆಯ ಸುತ್ತುಗಳಲ್ಲಿ ಇನ್ನೊಬ್ಬರು ಅಡಿಯಿಂದ ಹಿಡಿದಿರಬೇಕು. ಇಲ್ಲವಾದರೆ ದವಡೆ ಕಳಚಿ ಕಾಲಿನ ಮೇಲೆಯೇ ಬೀಳುತ್ತದೆ. ತಿರುಪನ್ನೂ ನಟ್ಟನ್ನೂ ಸೀಮೆಎಣ್ಣೆಯಲ್ಲಿ, ಅದು ಸಿಗದಿದ್ದರೆ ಡೀಸೆಲ್‌ನಲ್ಲಿ, ಬೆಂಕಿಯಿಂದ ದೂರ ಕುಳಿತು ತೊಳೆಯಿರಿ. ಒಣಗಿಸಿ ತೆಳ್ಳಗೆ ಗ್ರೀಸ್ ಸವರಿ. ದಪ್ಪನಾಗಿ ಮೆತ್ತಿದರೆ ಅರದ ಪುಡಿಯೆಲ್ಲ ಅದಕ್ಕೇ ಅಂಟಿ, ಗ್ರೀಸೇ ಅರದಂತೆ ತಿರುಪನ್ನು ತಿನ್ನುತ್ತದೆ. ದವಡೆಯ ಪಟ್ಟಿಯ ಸ್ಕ್ರೂಗಳು ಸಡಿಲವಾಗಿದ್ದರೆ ಆಗಲೇ ಬಿಗಿಯಿರಿ. ಕೆಳಗಿನ ಬೋಲ್ಟುಗಳನ್ನೂ ಮುಟ್ಟಿ ನೋಡಿ.

ದಿನದ ಕೆಲಸ ಮುಗಿದಾಗ ದವಡೆಗಳನ್ನು ಬಿಗಿದು ಮುಚ್ಚಬೇಡಿ. ಬಿಗಿದಿಟ್ಟರೆ ತಿರುಪಿನ ಮೇಲೆ ರಾತ್ರಿಯೆಲ್ಲ ಭಾರ, ನಡುವೆ ಸಿಕ್ಕ ತೇವವೂ ಆರುವುದಿಲ್ಲ. ಒಂದು ಕಾಸು ತೂರುವಷ್ಟು ಸಂದು ಬಿಟ್ಟು, ದಾರಿಯಲ್ಲಿ ಹೋಗುವವರ ಪಕ್ಕೆಗೆ ತಾಗದಂತೆ ಹಿಡಿಯನ್ನು ನೆಟ್ಟಗೆ ಕೆಳಮುಖವಾಗಿ ನಿಲ್ಲಿಸಿ.