ಉಪ್ಪುನೀರಿನ ಮೀನುತೊಟ್ಟಿಯನ್ನು ಸಿಹಿನೀರಿಗೆ ಪರಿವರ್ತಿಸುವ ಕ್ರಮ

ಕೆಮ್ಮಣ್ಣುಗುಂಡಿಯು ಸಮುದ್ರಮಟ್ಟದಿಂದ ಸುಮಾರು 1434 ಮೀಟರ್ ಎತ್ತರದಲ್ಲಿದೆ. ಅಲ್ಲಿಂದಿಳಿಯುವ ಹೆಬ್ಬೆಯ ನೀರು ಭದ್ರೆಯನ್ನು ಕೂಡಿ, ಮುಂದೆ ತುಂಗಭದ್ರೆಯಾಗಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಡೂರು ಬಯಲಿನ ವೇದಾವತಿಯ ಪಯಣವೂ ಕೊನೆಗೆ ಅಲ್ಲಿಗೇ. ನಮ್ಮ ನೀರು ಸಾಗರವನ್ನು ಸೇರುವುದು ಸಹಜ. ಸಾಗರವನ್ನು ಇಲ್ಲಿಗೆ ತಂದು ಗಾಜಿನ ತೊಟ್ಟಿಯಲ್ಲಿ ಉಳಿಸಿಕೊಳ್ಳುವುದು ಕಷ್ಟಸಾಧ್ಯ. ಬೆಲೆಬಾಳುವ ಲವಣಮಿಶ್ರಣ ಬೇಕು. ನೀರು ಆವಿಯಾದಂತೆಲ್ಲ ಉಪ್ಪಿನ ಪ್ರಮಾಣ ಏರುತ್ತದೆ. ವಿದ್ಯುತ್ತು ನಿಂತರೆ ಮೀನುಗಳಿಗೆ ಪ್ರಾಣಸಂಕಟ. ಆದುದರಿಂದ ಶಾಲೆಗೆ ಇಂತಹ ತೊಟ್ಟಿ ಕಾಣಿಕೆಯಾಗಿ ಬಂದಾಗ ಅದನ್ನು ಸಿಹಿನೀರಿಗೆ ಪರಿವರ್ತಿಸಿಕೊಳ್ಳುವುದೇ ಲೇಸು.

ಆದರೆ ಈ ಕಾರ್ಯವು ಒಂದು ನೀರನ್ನು ಚೆಲ್ಲಿ ಇನ್ನೊಂದನ್ನು ತುಂಬಿದಷ್ಟಕ್ಕೆ ಮುಗಿಯುವುದಿಲ್ಲ. ಮೊದಲ ಸಲ ಈ ಲೇಖಕನು ಹಾಗೆಂದೇ ಭಾವಿಸಿ, ತೊಟ್ಟಿಯನ್ನು ತೊಳೆದ ಮರುದಿನವೇ ಹೊಸ ಮೀನುಗಳನ್ನು ಬಿಟ್ಟನು. ಎರಡನೆಯ ವಾರ ಮಕ್ಕಳು ಬೆಳಿಗ್ಗೆ ಬಂದಾಗ ಅವು ಸತ್ತು ತೇಲುತ್ತಿದ್ದವು. ನೀರು ಕನ್ನಡಿಯಂತೆ ತಿಳಿಯಾಗಿತ್ತು. "ನೀರು ಚೆನ್ನಾಗಿಯೇ ಇದೆಯಲ್ಲ ಮೇಷ್ಟ್ರೇ?" ಎಂದು ಒಬ್ಬ ಬಾಲಕನು ಕೇಳಿದ ಪ್ರಶ್ನೆಗೆ ಉತ್ತರವೇ ಈ ಪಾಠದ ತಿರುಳು.

ಮೊದಲಿಗೆ, ಸಮುದ್ರದ ಮೀನುಗಳನ್ನು ಮಾರಾಟಗಾರರಿಗೋ ಉಪ್ಪುನೀರಿನ ತೊಟ್ಟಿಯುಳ್ಳವರಿಗೋ ಒಪ್ಪಿಸಬೇಕು. ಅವುಗಳನ್ನು ಸಿಹಿನೀರಿಗೆ ಬಿಡಲಾಗದು. ಸಮುದ್ರದ ಮೀನಿನ ದೇಹದಿಂದ ನೀರು ಸದಾ ಹೊರಕ್ಕೆ ಹೋಗುವುದರಿಂದ ಅದು ನೀರು ಕುಡಿದು ಹೆಚ್ಚಿನ ಉಪ್ಪನ್ನು ಹೊರಹಾಕುತ್ತದೆ. ಸಿಹಿನೀರಿನ ಮೀನಿನ ದೇಹಕ್ಕೆ ನೀರು ತಾನಾಗಿ ನುಗ್ಗುವುದರಿಂದ ಅದು ಹೆಚ್ಚಿನ ನೀರನ್ನು ಮೂತ್ರವಾಗಿ ವಿಸರ್ಜಿಸುತ್ತದೆ. ಅಭಿಸರಣೆಯ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯದು.

ಎರಡನೆಯದಾಗಿ, ಉಪ್ಪಿನ ವಿಲೇವಾರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. 130 ಲೀಟರಿನ ತೊಟ್ಟಿಯಲ್ಲಿ ಇದು ಸುಮಾರು ನಾಲ್ಕೂವರೆ ಕಿಲೋ! ಇದನ್ನು ಗಿಡದ ಬುಡಕ್ಕಾಗಲಿ ಹಳ್ಳಕ್ಕಾಗಲಿ ಸುರಿಯದೆ, ಸ್ವಲ್ಪಸ್ವಲ್ಪವಾಗಿ ಹೆಚ್ಚಿನ ನೀರು ಬೆರೆಸಿ ಬಚ್ಚಲಿಗೆ ಬಿಡಬೇಕು. ಗಾಜಿಗೆ ಅಂಟಿದ ಬಿಳಿಯ ಪದರವನ್ನು ವಿನಿಗರ್‌ನಿಂದ ಉಜ್ಜಿ ತೆಗೆದು, ತೊಟ್ಟಿಗೆ ನೀರು ತುಂಬಿ ಒಂದು ದಿನ ನೆನೆಯಿಟ್ಟು ಮತ್ತೆ ತೊಳೆಯಬೇಕು. ಸಾಬೂನು ಸಲ್ಲದು.

ಮೂರನೆಯದಾಗಿ, ಹವಳದ ಮರಳು, ಚಿಪ್ಪು, ಸಮುದ್ರದ ಕಲ್ಲುಗಳನ್ನು ತೆಗೆಯಬೇಕು. ಇವುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಹೆಚ್ಚಿಸುತ್ತದೆ. ಬದಲಿಗೆ ಹಾಕುವ ಜಲ್ಲಿಯ ಮೇಲೆ ಪ್ರಯೋಗಾಲಯದ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಟ್ಟು ನೋಡಿರಿ. ನೊರೆಯೆದ್ದರೆ ಅದರಲ್ಲಿ ಸುಣ್ಣಾಂಶವಿದೆಯೆಂದು ತಿಳಿದು ಬದಿಗಿರಿಸಿರಿ. ಪ್ರೋಟೀನ್ ಸ್ಕಿಮ್ಮರ್ ಎಂಬ ನೊರೆ ತೆಗೆಯುವ ಉಪಕರಣಕ್ಕೆ ಸಿಹಿನೀರಿನಲ್ಲಿ ಕೆಲಸವಿಲ್ಲ. ಶೋಧಕವನ್ನೂ ಹೀಟರನ್ನೂ ಚೆನ್ನಾಗಿ ತೊಳೆದು ಬಳಸಬಹುದು.

ಇನ್ನು ಬಾಲಕನ ಪ್ರಶ್ನೆ. ಮೀನಿನ ವಿಸರ್ಜನೆಯಿಂದ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಉಪ್ಪುನೀರಿಗೆ ಒಗ್ಗಿದ ಇವುಗಳಲ್ಲಿ ಬಹುಪಾಲು ಸಿಹಿನೀರು ಸೋಂಕಿದೊಡನೆ ನಾಶವಾಗುತ್ತವೆ. ಹೊಸ ಸಂತತಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತ, ಶೋಧಕವನ್ನು ನಿಲ್ಲಿಸದೆ ನಡೆಸಬೇಕು. ಹಳೆಯ ಸಿಹಿನೀರಿನ ತೊಟ್ಟಿಯ ಶೋಧಕದ ಸ್ಪಂಜು ದೊರೆತರೆ ಅವಧಿ ತಗ್ಗುತ್ತದೆ. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆಯೇ ಮೀನು ಬಿಡತಕ್ಕದ್ದು. ಅಂದು ನಮ್ಮ ಕಣ್ಣಿಗೆ ಕಂಡದ್ದು ನೀರಿನ ತಿಳಿಯೇ ಹೊರತು ಅದರಲ್ಲಿ ಬೆರೆತಿದ್ದ ವಿಷವಲ್ಲ.

ಮೀನಿನ ಆಯ್ಕೆ ಊರಿನ ನೀರನ್ನು ಅವಲಂಬಿಸಿದೆ. ಗಡಸಾದ ಕೊಳವೆಬಾವಿಯ ನೀರಿಗೆ ಗಪ್ಪಿ, ಪ್ಲಾಟಿ, ಮೋಲಿಗಳು ಒಗ್ಗುತ್ತವೆ. ಗುಡ್ಡದ ಮೆದು ನೀರಿಗೆ ಟೆಟ್ರಾ, ರಾಸ್ಬೋರ ಜಾತಿಯವು ಹೊಂದುತ್ತವೆ. ತೀರ ಮೆದುವಾದ ನೀರಿನ ಆಮ್ಲಗುಣ ಹಠಾತ್ತನೆ ಏರುವ ಸಂಭವವಿದೆ. ಆಗ ಹೊರಗೆಸೆದ ಚಿಪ್ಪಿನಲ್ಲೇ ಒಂದು ಹಿಡಿಯನ್ನು ತೊಳೆದು ಶೋಧಕದಲ್ಲಿಟ್ಟರೆ ಉಪಯೋಗವಾದೀತು. ಬೆಟ್ಟದ ಚಳಿಯಲ್ಲಿ ಟೆಟ್ರಾಗಳಿಗೆ ಹೀಟರ್ ಅವಶ್ಯಕ. ನಮ್ಮ ದೇಶದ್ದೇ ಆದ ಝೀಬ್ರಾ ಡ್ಯಾನಿಯೊ ತಂಪನ್ನು ತಕ್ಕಮಟ್ಟಿಗೆ ತಾಳುತ್ತದೆ. ಗುಂಪಿನಲ್ಲಿ ಬಾಳುವ ಮೀನುಗಳನ್ನು ಜಾತಿಗೆ ಆರಕ್ಕೆ ಕಡಿಮೆಯಿಲ್ಲದಂತೆ ಇಡಬೇಕು. ಆದರೆ ಎಲ್ಲವನ್ನೂ ಒಮ್ಮೆಗೇ ತಾರದೆ ವಾರಕ್ಕೊಂದು ಗುಂಪಿನಂತೆ ಸೇರಿಸುತ್ತ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಲ್ಲಿಯ ಕ್ಲೋರಿನ್ ನೀರನ್ನು ಒಂದು ದಿನ ತೆರೆದಿಟ್ಟು ಬಳಸಬೇಕು.

ಬೇಡವಾದ ಮೀನನ್ನು ಹಳ್ಳಕ್ಕೆ ಬಿಡುವುದು ಮಾತ್ರ ಅಕ್ಷಮ್ಯ. ಹೀಗೆ ಹೊರಬಿದ್ದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಭಾರತದ ಹಲವು ಕೆರೆ-ನದಿಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಭದ್ರಾ ಅರಣ್ಯವು ನಮ್ಮ ನೆರೆಯಲ್ಲಿಯೇ ಇದೆ. ಅಲ್ಲಿನ ತೊರೆಗಳಿಗೆ ಹೊರಗಿನ ಮೀನು ಸೇರಬಾರದು, ಅಲ್ಲಿಯ ಮೀನು ನಮ್ಮ ತೊಟ್ಟಿಗೂ ಬರಬಾರದು.

ಶಾಲೆಗೆ ತೊಟ್ಟಿಯನ್ನು ಕೊಡುವ ದಾನಿಗಳು ನೀರು ಪರೀಕ್ಷಿಸುವ ಸಾಮಗ್ರಿಯನ್ನೂ ಜೊತೆಗೆ ಕೊಟ್ಟರೆ ಉಪಕಾರವಾದೀತು. ಆರು ವಾರ ಬರಿಯ ನೀರನ್ನು ಪರೀಕ್ಷಿಸಿ ಅಂಕಿಗಳನ್ನು ಬರೆದಿಡುವ ವಿದ್ಯಾರ್ಥಿಯು, ಕಣ್ಣಿಗೆ ಕಂಡದ್ದಷ್ಟನ್ನೇ ನಂಬಲಾಗದೆಂಬುದನ್ನು ಕಲಿಯುತ್ತಾನೆ. ಅಷ್ಟನ್ನು ನಾವು ಮೊದಲೇ ಕಲಿಸಿದ್ದರೆ ಆ ಮೀನುಗಳು ಬದುಕುತ್ತಿದ್ದವು.