ಕಷ್ಟದ ವರ್ಷದಲ್ಲಿ ಹಬ್ಬ ಮಾಡೋದು ಹೇಗೆ?

ಯಹೂದಿಗಳ ಹಬ್ಬಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಬರಹಕ್ಕೆ ಕೋಲಾರ ಜಿಲ್ಲೆಯಿಂದಲೇ ಹೆಚ್ಚು ಪತ್ರಗಳು ಬಂದಿವೆ. ಎಲ್ಲಕ್ಕೂ ಉತ್ತರಿಸಲು ಜಾಗ ಸಾಲದು. ಆಯ್ದ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಾನು ಹೈಸ್ಕೂಲ್ ಮೇಷ್ಟ್ರು. ಹಿಟ್ಲರನ ಪಾಠ ಬಂದಾಗಲೆಲ್ಲ ಮಕ್ಕಳು “ಯಹೂದಿಗಳು ನಮ್ಮ ಕಡೆ ಇದ್ರಾ ಸಾರ್? ನಮ್ಮವರು ಅವರಿಗೆ ಏನಾದ್ರೂ ಸಹಾಯ ಮಾಡಿದ್ರಾ?” ಎಂದು ಕೇಳುತ್ತಾರೆ. ಕೊಚ್ಚಿ ಬಿಟ್ಟರೆ ನನಗೂ ಬೇರೆ ಗೊತ್ತಿಲ್ಲ. ಏನು ಹೇಳಲಿ?
— ಶಿಕ್ಷಕರು, ಮುಳಬಾಗಿಲು

ಮೇಷ್ಟ್ರೇ, ಹತ್ತಿರದ ಗುರುತು ಬೇಕೆಂದರೆ ಮಕ್ಕಳನ್ನು ಬೆಂಗಳೂರಿನ ಮೈಸೂರು ರಸ್ತೆಗೆ ಕರೆದೊಯ್ಯಿರಿ. ಅಲ್ಲೊಂದು ಪುಟ್ಟ ಯಹೂದಿ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ ಅದು. ಬೆಂಗಳೂರಿನಲ್ಲಿ ಯಹೂದಿಗಳಿಗೆ ಪ್ರಾರ್ಥನಾ ಮಂದಿರ ಇರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ದೊಡ್ಡ ಚಪ್ಪಲಿ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಮನೆಯಲ್ಲೇ ಹಬ್ಬದ ಪ್ರಾರ್ಥನೆ ನಡೆಯುತ್ತಿತ್ತು. ಸಂಪ್ರದಾಯದ ಪ್ರಕಾರ ಹತ್ತು ಮಂದಿ ವಯಸ್ಕ ಗಂಡಸರು ಸೇರದಿದ್ದರೆ ಅವರ ಸಾಮೂಹಿಕ ಪ್ರಾರ್ಥನೆಯ ಮುಖ್ಯ ಭಾಗಗಳು ನಡೆಯುವುದೇ ಇಲ್ಲ. ಸತ್ತವರಿಗಾಗಿ ಮನೆಯವರು ಹೇಳುವ ಪ್ರಾರ್ಥನೆಗೂ ಆ ಹತ್ತು ಜನ ಬೇಕು. ಬೆರಳೆಣಿಕೆಯ ಮನೆಗಳಿರುವ ಊರಲ್ಲಿ ಒಬ್ಬ ಜ್ವರ ಬಂದು ಮಲಗಿದರೂ ಹಬ್ಬ ಅರ್ಧಕ್ಕೆ ನಿಂತ ಹಾಗೆ. ಹೀಗಿರುವಾಗ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುವುದು ಅವರಿಗೆ ರೂಢಿಯಾಗದೆ ಇನ್ನೇನು?

ಇನ್ನು ಸಹಾಯದ ಮಾತು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಗಟ್ಟಿಂಗನ್ ವಿಶ್ವವಿದ್ಯಾಲಯದಿಂದ ಹೊರಬಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935-36ರಲ್ಲಿ ಅವರು ಇಲ್ಲಿ ಆರು ತಿಂಗಳು ಇದ್ದರು. ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಹಟ ಹಿಡಿದರೂ ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ ಬ್ರಿಟನ್ನಿಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕೈಯಿಂದ ಜಾರಿದ ಮನುಷ್ಯ ಎಂದು ಮಕ್ಕಳಿಗೆ ಧಾರಾಳವಾಗಿ ಹೇಳಿ. ಸಹಾಯದ ಕಥೆಗಳಲ್ಲಿ ಸೋತವೂ ಇರುತ್ತವೆ.

ಗೆದ್ದ ಕಥೆಯೂ ಇದೆ. ಬಾರ್ನ್ ಅವರ ಬಂಧು, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಕೂಡ 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿದ್ದರು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅವರಿಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಹುದ್ದೆ ಸಿಕ್ಕಿತು. ಹಿಂದೂ ಮಹಾರಾಜ, ಮುಸ್ಲಿಂ ದಿವಾನ, ಯಹೂದಿ ನಿರಾಶ್ರಿತ: ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನಿಮಗೆ ಸಿಗಲಾರದು. ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ಕೈಯವು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಸಂಗತಿ. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದಾಗ, 1948ರಿಂದ 1951ರವರೆಗೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ಆ ನಿರಾಶ್ರಿತರಿಗೆ ಹೊಸ ಪಟ್ಟಣಗಳನ್ನು ಯೋಜಿಸಿದವರು ಇದೇ ಮನುಷ್ಯ. ತನಗೆ ನೆರಳು ಕೊಟ್ಟ ಮೈಸೂರಿಗೆ ಅವರು ತೀರಿಸಿದ ಋಣ ಬೇರೆ. ಪಂಜಾಬಿನ, ಸಿಂಧ್‌ನ ಗುರುತಿಲ್ಲದ ಜನಕ್ಕೆ ತೀರಿಸಿದ್ದು ಬೇರೆ.

ಮುಂಬೈಯ ಯಹೂದಿಗಳು 1934ರಲ್ಲೇ ಒಂದು ಪರಿಹಾರ ಸಂಘ ಕಟ್ಟಿದ್ದರು. ಯೂರೋಪಿನಿಂದ ಬರುವವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲ, ಅವರ ಖರ್ಚು ನಮ್ಮದು ಎಂದು ಆ ಸಂಘ ಜಾಮೀನು ನಿಂತಿತು. ಮುಖ ನೋಡದವರಿಗೆ ಜಾಮೀನು ಹಾಕುವುದು ಎಂಥ ಎದೆಗಾರಿಕೆ ಎಂಬುದು ಬ್ಯಾಂಕ್ ಸಾಲಕ್ಕೆ ಸಹಿ ಹಾಕಿದವರಿಗೆಲ್ಲ ಗೊತ್ತು.

ನಮ್ಮ ವಂಶದಲ್ಲಿ ಒಬ್ಬರು ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರಂತೆ. ಯಹೂದಿಗಳನ್ನು ಕಾಪಾಡಲು ಹೈಫಾ ಊರನ್ನು ಗೆದ್ದವರು ನಮ್ಮ ಸೈನಿಕರು ಎಂದು ಮೊಬೈಲಿನಲ್ಲಿ ಸಂದೇಶಗಳು ಬರುತ್ತವೆ. ನಿಜವೇ?
— ನಿವೃತ್ತ ಯೋಧರು, ಮಾಲೂರು ತಾಲ್ಲೂಕು

ಅರ್ಧ ನಿಜ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಹೈಫಾವನ್ನು ತುರ್ಕರ ಕೈಯಿಂದ ಬಿಡಿಸಿದ್ದು ನಿಜ. ಎದುರಿಗೆ ಮೆಷಿನ್ ಗನ್ನು, ತೋಪು. ನಮ್ಮವರ ಕೈಯಲ್ಲಿ ಭರ್ಜಿ, ಕತ್ತಿ. ಜೋಧಪುರದವರು ಬಯಲಿನಲ್ಲಿ ಕುದುರೆ ಓಡಿಸಿದರೆ ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಮೇಲಿದ್ದ ತೋಪುಗಳನ್ನು ವಶ ಮಾಡಿಕೊಂಡರು. 1,350 ಮಂದಿ ಸೆರೆಸಿಕ್ಕರು. ಸತ್ತ ನಮ್ಮವರು 8, ಕುದುರೆಗಳು 60.

ಆದರೆ ಅದು ಯಹೂದಿಗಳ ರಕ್ಷಣೆಗೆಂದು ನಡೆದ ಯುದ್ಧವಲ್ಲ. ಬ್ರಿಟಿಷರ ಯುದ್ಧ, ಮಹಾರಾಜರ ಅಪ್ಪಣೆಯಂತೆ ಹೋದವರು ಇವರು. ಅಂದಿನ ಹೈಫಾದಲ್ಲಿ ಅರಬ್ಬರೇ ಹೆಚ್ಚು, ಯಹೂದಿಗಳು ಕಡಿಮೆ. ಅವರಿಗೆ ಅದು ಸುಕ್ಕೋತ್ ಹಬ್ಬದ ವಾರ: ಸುಗ್ಗಿ ಮುಗಿಸಿ, ಸೊಪ್ಪಿನ ಚಪ್ಪರ ಹಾಕಿ, ಏಳು ದಿನ ಅದರಡಿ ಊಟ ಮಾಡುವ ಹಬ್ಬ. ಆ ವರ್ಷ ಚಪ್ಪರದ ಹೊರಗೆ ತೋಪಿನ ಸದ್ದು. ಯಾರ ಸಲುವಾಗಿ ಬಂದರೂ ಬಂದವರನ್ನು ಊರು ಮರೆಯಲಿಲ್ಲ. ಭಾರತೀಯ ಸೈನಿಕರ ಸಮಾಧಿಗಳು ಹೈಫಾದಲ್ಲಿವೆ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಗೌರವ ಸಲ್ಲುತ್ತದೆ. ದೆಹಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರೂ ಸೇರಿತು. ಅಲ್ಲಿನ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ಮೊಮ್ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ, ಮೊಬೈಲ್ ಸಂದೇಶ ಆಮೇಲೆ ನೋಡೋಣ.

ನಾವು ಮಾವಿನ ಫಸಲು ಕೈಗೆ ಬಂದರೆ, ಮಗುವಿಗೆ ಹುಷಾರಾದರೆ ಹರಕೆ ತೀರಿಸುತ್ತೇವೆ. ಯಹೂದಿಗಳಲ್ಲಿ ಹಾಗೆ ಏನಾದರೂ ಉಂಟೇ?
— ಗೃಹಿಣಿ, ಶ್ರೀನಿವಾಸಪುರ

ಉಂಟು ತಾಯಿ, ನಮ್ಮ ದೇಶದ್ದೇ. ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಯಹೂದಿಗಳು ಹಿಂದೆ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆದರು. ಮದುವೆ, ಗೃಹಪ್ರವೇಶ, ಕಾಯಿಲೆ ವಾಸಿಯಾದದ್ದು, ಅಪಘಾತದಿಂದ ಪಾರಾದದ್ದು — ಇಂಥ ಸಂದರ್ಭಗಳಲ್ಲಿ ಅವರು ಮಲೀದ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡುತ್ತಾರೆ. ಸುತ್ತ ಬಾಳೆಹಣ್ಣು, ಖರ್ಜೂರ ಮುಂತಾದ ಹಣ್ಣು ಜೋಡಿಸುತ್ತಾರೆ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿ, ಹೀಬ್ರೂ ಪ್ರಾರ್ಥನೆ ಹೇಳಿ, ಬಂದವರಿಗೆಲ್ಲ ಹಂಚುತ್ತಾರೆ. ಪ್ರಪಂಚದ ಬೇರೆ ಕಡೆಯ ಯಹೂದಿಗಳಲ್ಲಿ ಇದು ಹೀಗಿಲ್ಲ. ಅಲಿಬಾಗ್ ಹತ್ತಿರದ ಊರೊಂದರಲ್ಲಿ ಎಲಿಯಾಹುವಿನ ರಥದ ಗುರುತು ಬಂಡೆಯ ಮೇಲಿದೆ ಎಂದು ನಂಬಿ ಅಲ್ಲಿಗೂ ಹರಕೆ ಹೊತ್ತು ಹೋಗುತ್ತಾರೆ. ನಿಮ್ಮ ಮುಳಬಾಗಿಲಿನ ನೆಂಟರು ಹೈದರ್ ವಲಿ ದರ್ಗಾಕ್ಕೂ ಆಂಜನೇಯನಿಗೂ ಒಂದೇ ದಿನ ಹೋಗಿ ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲವಲ್ಲ, ಇದೂ ಆ ಮಣ್ಣಿನದೇ ಗುಣ.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು ನಾನು. ಕಂಪನಿಯಲ್ಲಿ ನನ್ನ ಜೊತೆ ಫೋನಿನಲ್ಲಿ ಕೆಲಸ ಮಾಡುವ ಅಮೆರಿಕದ ಯಹೂದಿ ಸಹೋದ್ಯೋಗಿಗೆ ಹಬ್ಬ ಬಂದರೆ ಈಗ ಭಯವಂತೆ. ಶುಭಾಶಯ ಹೇಳಿದರೆ ಒಂದು ಪಕ್ಷ ವಹಿಸಿದಂತಾಗುತ್ತದೆಯೇ?
— ಮಾಲೂರು

ಹೇಳಿ, ಧಾರಾಳವಾಗಿ ಹೇಳಿ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ನಡೆದದ್ದು ಅವರ ಹಬ್ಬದ ದಿನವೇ. ಸುಮಾರು 1,200 ಮಂದಿ ಸತ್ತರು. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಎರಡಕ್ಕೂ ಮರುಗಲು ಒಂದೇ ಎದೆ ಸಾಕು. ಸಾವಿರಾರು ಮೈಲಿ ದೂರದ ಸರ್ಕಾರದ ಲೆಕ್ಕವನ್ನು ನಿಮ್ಮ ಸಹೋದ್ಯೋಗಿಯ ತಲೆಗೆ ಕಟ್ಟಬೇಡಿ ಅಷ್ಟೆ.

ನಿಮಗೊಂದು ಊರಿನ ಕಥೆ ಹೇಳಬೇಕು. ಅಮೆರಿಕದ ಮೊಂಟಾನಾದಲ್ಲಿ ಬಿಲಿಂಗ್ಸ್ ಅಂತ ಒಂದು ಊರು. 1993ರ ಡಿಸೆಂಬರ್, ಯಹೂದಿಗಳ ದೀಪದ ಹಬ್ಬ ಹನುಕ್ಕಾ. ಐದು ವರ್ಷದ ಹುಡುಗನೊಬ್ಬನ ಕೋಣೆಯ ಕಿಟಕಿಯಲ್ಲಿ ಹಬ್ಬದ ದೀಪಸ್ತಂಭದ ಚಿತ್ರ ಅಂಟಿಸಿದ್ದರು. ರಾತ್ರಿ ಯಾರೋ ಅದರ ಮೇಲೆ ಕಲ್ಲು ಎಸೆದರು. ಚಿತ್ರ ತೆಗೆದುಬಿಡಿ ಎಂದು ತಾಯಿಗೆ ಸಲಹೆ ಬಂತು, ಆಕೆ ಒಪ್ಪಲಿಲ್ಲ. ಊರಿನ ಪತ್ರಿಕೆ ಬಿಲಿಂಗ್ಸ್ ಗೆಜೆಟ್ ಪುಟದ ತುಂಬಾ ಆ ದೀಪಸ್ತಂಭವನ್ನು ಅಚ್ಚು ಹಾಕಿತು. ಕ್ರೈಸ್ತರ ಮನೆಗಳವರು, ಅಂಗಡಿಯವರು ಅದನ್ನು ಕತ್ತರಿಸಿ ತಮ್ಮ ಕಿಟಕಿಗೆ ಅಂಟಿಸಿಕೊಂಡರು. ಅಂಟಿಸಿದ ಕೆಲವರ ಗಾಜೂ ಒಡೆಯಿತು. ಆದರೂ ಕೊನೆಗೆ ಸಾವಿರಾರು ಕಿಟಕಿಗಳಲ್ಲಿ ಅದೇ ಚಿತ್ರ. ಕಲ್ಲು ಹಿಡಿದವನು ಯಾವ ಮನೆಗೆ ಎಸೆಯಬೇಕು? ಅದೇ ವರ್ಷ ಅದೇ ಊರಲ್ಲಿ ಮೂಲನಿವಾಸಿ ಕುಟುಂಬವೊಂದರ ಗೋಡೆ ಮೇಲೆ ಕೆಟ್ಟದ್ದು ಬರೆದಿದ್ದಾಗ, ಪೇಂಟರುಗಳ ಸಂಘದವರು ಬಂದು ಪುಕ್ಕಟೆ ಬಣ್ಣ ಬಳಿದುಕೊಟ್ಟಿದ್ದರು. ಅಂದರೆ ಡಿಸೆಂಬರಿಗೆ ಬೇಕಾದ ಅಭ್ಯಾಸ ಊರಿಗೆ ಆಗಲೇ ಆಗಿತ್ತು. ನನಗೆ ಪತ್ರಿಕೆಯವರಿಗಿಂತ ಆ ಪೇಂಟರುಗಳ ಮೇಲೇ ಗೌರವ ಜಾಸ್ತಿ.

ನಮ್ಮ ಗೆಳೆಯರ ಸಂಘ ಪ್ರತಿ ವರ್ಷ ಗಣೇಶ ಕೂರಿಸುತ್ತದೆ. ಈ ಸಲ ಟೊಮೆಟೊ ಬಾಕ್ಸಿಗೆ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಬೀದಿಯಲ್ಲಿ ಅರ್ಧ ಮನೆಗಳವರು ಸೋತುಹೋಗಿದ್ದಾರೆ. ವಸೂಲಾದ ದುಡ್ಡಲ್ಲಿ ಅವರಿಗೆ ನೆರವಾಗೋಣ ಅಂದರೆ ಯಾರೂ ಕೈ ಚಾಚಲು ಒಪ್ಪುವುದಿಲ್ಲ. ಹೇಗೆ ಮಾಡೋದು?
— ಸಂಘದ ಖಜಾಂಚಿ, ಕೋಲಾರ

ಒಪ್ಪದಿರುವುದೇ ಸರಿ. ಮರ್ಯಾದಸ್ಥ ರೈತನನ್ನು ಪೆಂಡಾಲ್ ಮುಂದೆ ನಿಲ್ಲಿಸಿ ರೇಷನ್ ಕಿಟ್ ಕೊಟ್ಟು ಫೋಟೊ ಹೊಡೆಸಿದರೆ ಅವನು ಮುಂದಿನ ವರ್ಷ ಆ ಬೀದಿಯಲ್ಲೇ ನಡೆಯುವುದಿಲ್ಲ. ಯಹೂದಿಗಳು ಈ ತೊಡಕನ್ನು ಬಹಳ ಹಿಂದೆಯೇ ಕಂಡಿದ್ದರು. ಜೆರುಸಲೇಮಿನ ಹಳೆಯ ದೇವಾಲಯದಲ್ಲಿ ಗುಟ್ಟಿನ ಕೋಣೆ ಎಂಬುದೊಂದಿತ್ತು ಎಂದು ಅವರ ಮಿಶ್ನಾ ಗ್ರಂಥ ಹೇಳುತ್ತದೆ. ಉಳ್ಳವರು ಒಳಗೆ ಹೋಗಿ ಗುಟ್ಟಾಗಿ ಹಾಕುವುದು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಕೆಟ್ಟವರು ಅದೇ ಕೋಣೆಗೆ ಹೋಗಿ ಗುಟ್ಟಾಗಿ ತೆಗೆದುಕೊಳ್ಳುವುದು. ಯಾರು ಹಾಕಲು ಹೋದರು, ಯಾರು ತೆಗೆಯಲು ಹೋದರು ಎಂದು ಹೊರಗಿದ್ದವರಿಗೆ ತಿಳಿಯದು. ನಿಮ್ಮೂರಿನ ಕೋಲಾರಮ್ಮನ ಗುಡಿಯಲ್ಲಿ ನೆಲದೊಳಗೆ ಹಳೇ ಹುಂಡಿ ಇದೆಯಲ್ಲ, ಹಾಕಿದ್ದನ್ನು ತೆಗೆದವರಿಲ್ಲ ಎಂಬ ಮಾತಿರುವುದು, ಅದಕ್ಕೆ ಇನ್ನೊಂದು ಬಾಗಿಲು ಇಟ್ಟಂತೆ ಅಂದುಕೊಳ್ಳಿ.

ಪಾಸೋವರ್ ಹಬ್ಬಕ್ಕೆ ಮುಂಚೆ ಅವರಲ್ಲಿ ಗೋಧಿ ದುಡ್ಡು ಎತ್ತುತ್ತಾರೆ. ಆ ಹಬ್ಬದಲ್ಲಿ ಹುಳಿ ಬಾರದ ರೊಟ್ಟಿ ಮಾತ್ರ ತಿನ್ನಬೇಕು. ಬಡವರ ಮನೆಯಲ್ಲೂ ಅದಕ್ಕೆ ಹಿಟ್ಟು ಇರಬೇಕು. ಊರಲ್ಲಿ ಹನ್ನೆರಡು ತಿಂಗಳು ವಾಸವಿದ್ದವರೆಲ್ಲ ಈ ಲೆಕ್ಕಕ್ಕೆ ಸೇರಿದವರು: ಇದ್ದರೆ ಕೊಡಬೇಕು, ಇಲ್ಲದಿದ್ದರೆ ತೆಗೆದುಕೊಳ್ಳಬೇಕು. ಮನಸ್ಸು ಬಂದರೆ ಕೊಡುವ ದಾನವಲ್ಲ, ಕಂದಾಯದ ಹಾಗೆ ಬಾಧ್ಯತೆ. ಹನ್ನೆರಡನೇ ಶತಮಾನದಲ್ಲಿ ಕೈರೋದಲ್ಲಿದ್ದ ವೈದ್ಯ, ಪಂಡಿತ ಮೈಮೋನಿಡಿಸ್ ಕೊಡುವುದರಲ್ಲಿ ಎಂಟು ಮೆಟ್ಟಿಲು ಗುರುತಿಸಿದ. ಗೊಣಗಿಕೊಂಡು ಕೊಡುವುದು ತಳದ್ದು. ಕೊಟ್ಟವನಿಗೆ ಪಡೆದವನು, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲದಿರುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು ಸಾಲ ಕೊಟ್ಟೋ, ಪಾಲುದಾರನಾಗಿಯೋ, ಕೆಲಸ ಹಚ್ಚಿಯೋ ಆತ ಮತ್ತೆ ಕೇಳುವ ಹಾಗೇ ಇಲ್ಲದಂತೆ ಮಾಡುವುದು. ಬಡ್ಡಿಯಿಲ್ಲದ ಕೈಸಾಲದ ನಿಧಿಗಳು ಇವತ್ತಿಗೂ ಅವರ ಊರೂರಲ್ಲಿವೆ.

ನಿಮ್ಮ ಮಟ್ಟಿಗೆ ಹೀಗೆ ಮಾಡಿ ನೋಡಿ. ಬೀದಿಯ ಕಿರಾಣಿ ಅಂಗಡಿಯವರಿಗೆ ಯಾರ ಖಾತೆ ಎಷ್ಟು ಬೆಳೆದಿದೆ ಎಂಬುದು ನಿಮಗಿಂತ ಚೆನ್ನಾಗಿ ಗೊತ್ತು. ಸಂಘದಿಂದ ಒಂದಿಷ್ಟು ಮೊತ್ತ ಅವರ ಬಳಿ ಇಟ್ಟು, ಹಬ್ಬದ ಅಕ್ಕಿ, ಬೆಲ್ಲ, ಎಣ್ಣೆಯ ಮಟ್ಟಿಗೆ ಆ ಖಾತೆಗಳಲ್ಲಿ ಜಮಾ ಮಾಡಲು ಹೇಳಿ. ಯಾರು ಕೊಟ್ಟರು ಎಂದು ಕೇಳಿದರೆ ಗಣೇಶನ ಲೆಕ್ಕ ಅನ್ನಲಿ. ಉಳಿದ ದುಡ್ಡು ಮುಂದಿನ ನಾಟಿಗೆ ನರ್ಸರಿ ಸಸಿಗೆ, ಕಡ್ಡಿಗೆ, ದಾರಕ್ಕೆ ಬಡ್ಡಿಯಿಲ್ಲದ ಸಾಲವಾಗಲಿ. ಫಸಲು ಬಂದ ಮೇಲೆ ವಾಪಸು. ತೋಟವಿಲ್ಲದೆ ಕೂಲಿಗೆ ಹೋಗುವ ಹೆಂಗಸರನ್ನು ಪಟ್ಟಿಯಿಂದ ಬಿಡಬೇಡಿ. ಬೆಲೆ ಬಿದ್ದಾಗ ಮೊದಲು ಕೆಲಸ ತಪ್ಪುವುದು ಅವರಿಗೆ. ಪಡೆದವರ ಹೆಸರು ನಿಮ್ಮ ಹತ್ತಿರ ಮತ್ತು ಅಧ್ಯಕ್ಷರ ಹತ್ತಿರ ಮಾತ್ರ ಇರಲಿ. ಕೊಟ್ಟವರ ಹೆಸರನ್ನು ಮೊತ್ತವಿಲ್ಲದೆ ಬೋರ್ಡಿನಲ್ಲಿ ಬರೆಯಿರಿ. ಹತ್ತು ರೂಪಾಯಿ ಕೊಟ್ಟವರೂ ಅದರಲ್ಲಿರಲಿ. ದುಡ್ಡು ಎಲ್ಲಿಂದ ಉಳಿಸೋದು ಅಂತ ಸಭೆಯಲ್ಲಿ ಕೇಳಿದರೆ, ಡಿಜೆ ಬಾಡಿಗೆ ಎಷ್ಟು ಅಂತ ಮೊದಲು ಓದಿ ಹೇಳಿ.