ಸಾಲ ಎಷ್ಟು ಸಿಗುತ್ತೆ, ಮನೆ ಎಷ್ಟರದ್ದು ಕೊಳ್ಳಬೇಕು

ಮೊದಲ ಸಲ ಮನೆ ಕೊಳ್ಳುವವರು ಸಾಮಾನ್ಯವಾಗಿ ಲೆಕ್ಕವನ್ನು ಬ್ಯಾಂಕಿನಿಂದ ಶುರು ಮಾಡುತ್ತಾರೆ. ಸಂಬಳದ ಚೀಟಿ, ಫಾರ್ಮ್ 16, ಆರು ತಿಂಗಳ ಸ್ಟೇಟ್‌ಮೆಂಟು ಕೊಟ್ಟರೆ ಸಾಕು, ಎಷ್ಟು ಸಾಲ ಸಿಗುತ್ತದೆ ಎಂದು ಅವರು ಹೇಳಿಬಿಡುತ್ತಾರೆ. ಅದಕ್ಕೆ ಕೈಯಲ್ಲಿರುವ ಉಳಿತಾಯ ಕೂಡಿಸಿ, ಅಷ್ಟು ಬೆಲೆಯ ಮನೆ ಹುಡುಕುತ್ತಾ ಭಾನುವಾರಗಳು ಕಳೆಯುತ್ತವೆ. ಲೆಕ್ಕ ಮನೆಯ ಖರ್ಚಿನ ಪುಸ್ತಕದಿಂದ ಶುರುವಾಗಬೇಕು, ಬ್ಯಾಂಕಿನ ಮೆಟ್ಟಿಲನ್ನು ಕೊನೆಗೆ ಹತ್ತಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಾವು ಬೆಂಗಳೂರಿನಲ್ಲಿ ಮನೆ ಹುಡುಕಿದ್ದು 2023ರಲ್ಲಿ. ನನ್ನದೂ ಯಜಮಾನರದೂ ಸೇರಿ ತಿಂಗಳಿಗೆ ಕೈಗೆ ಬರುತ್ತಿದ್ದುದು 1,10,000 ರೂಪಾಯಿ. "ಮೇಡಂ, ಬೇರೆ ಲೋನ್ ಯಾವುದೂ ಇಲ್ಲ, ಸಿಬಿಲ್ ಚೆನ್ನಾಗಿದೆ. ಅರವತ್ತು ಸಾವಿರ ಇಎಂಐ ಆರಾಮಾಗಿ ಕಟ್ಟಬಹುದು ನೀವು," ಎಂದರು ಸಾಲ ವಿಭಾಗದವರು. ಶೇ 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ಪ್ರತಿ ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ. ಅರವತ್ತು ಸಾವಿರಕ್ಕೆ ಸಿಗುವ ಸಾಲ 69 ಲಕ್ಷ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೊಟ್ಟ ಸಾಲ ವಾಪಸು ಬರುತ್ತದೆಯೇ ಎಂದು ನೋಡುವುದು ಅವರ ಕೆಲಸ, ಬಾರದಿದ್ದರೆ ಮನೆ ಅಡಮಾನವಿದ್ದೇ ಇದೆ. ನಮ್ಮತ್ತೆಯವರ ಮಾತ್ರೆಗೆ ಎಷ್ಟಾಗುತ್ತದೆ, ಹಾಸನದಲ್ಲಿರುವ ನನ್ನ ತಂದೆತಾಯಿಗೆ ಎಷ್ಟು ಕಳಿಸುತ್ತೇವೆ ಎಂದು ಆ ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ.

ಅದೆಲ್ಲ ನಮ್ಮ ಪುಸ್ತಕದಲ್ಲಿತ್ತು. ದಿನಸಿ, ಹಾಲು, ತರಕಾರಿ, ಗ್ಯಾಸಿಗೆ 16,000. ಮಗಳ ಶಾಲೆ ಮತ್ತು ವ್ಯಾನಿನದು ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದರೆ 9,000. ಊರಿಗೆ 8,000. ಪೆಟ್ರೋಲು, ಮೆಟ್ರೊ ಸೇರಿ 6,000. ಅತ್ತೆಯವರ ಔಷಧಿ 4,500. ಕರೆಂಟು, ಫೋನು, ಇಂಟರ್ನೆಟ್ಟು 3,500. ವಿಮೆ 5,000. ಬಿಡಿ ಖರ್ಚು 6,000. ಇವೆಲ್ಲ ಎಲ್ಲರೂ ಬರೆಯುವಂಥವೇ. ಬಿಟ್ಟುಹೋಗುವುದು ವರ್ಷಕ್ಕೊಮ್ಮೆ ಬರುವ ಖರ್ಚು. ಯುಗಾದಿ, ದಸರೆಯ ಬಟ್ಟೆ, ನೆಂಟರ ಮದುವೆಗಳ ಮುಯ್ಯಿ, ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿಬರುವುದು, ಗಾಡಿ ಸರ್ವೀಸು. ಹಳೆಯ ಪುಟ ತಿರುವಿ ಕೂಡಿದರೆ ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000. ಒಟ್ಟು 63,000 ಆಯಿತು. ಮಗಳ ಓದಿಗೂ ನಮ್ಮ ಮುಪ್ಪಿಗೂ ತೆಗೆದಿಡುತ್ತಿದ್ದ 7,000 ಸೇರಿಸಿದರೆ 70,000. ಬಾಡಿಗೆ 18,000 ಇದರಲ್ಲಿ ಸೇರಿಲ್ಲ, ಸ್ವಂತ ಮನೆಗೆ ಹೋದ ಮೇಲೆ ಅದಿರುವುದಿಲ್ಲ.

ಉಳಿದದ್ದು 40,000. ಅಷ್ಟನ್ನೂ ಕಂತಿಗೆ ಕೊಡುವಂತಿಲ್ಲ. ಫ್ಲ್ಯಾಟಿಗೆ ತಿಂಗಳ ಮೇಂಟೆನೆನ್ಸ್ ಇದೆ, ಆಸ್ತಿ ತೆರಿಗೆ ಇದೆ. ಎರಡಕ್ಕೂ ಸೇರಿಸಿ 4,500 ಬದಿಗಿಟ್ಟೆವು. ನಮ್ಮಿಂದಾಗುವ ಕಂತು 35,000, ಅದಕ್ಕೆ ತಕ್ಕ ಸಾಲ 40 ಲಕ್ಷ. ಬ್ಯಾಂಕು ಹೇಳಿದ್ದಕ್ಕೂ ಇದಕ್ಕೂ 29 ಲಕ್ಷದ ಅಂತರ.

"ಬ್ಯಾಂಕಿನವರೇ ಕೊಡ್ತೀವಿ ಅಂತಿದ್ದಾರಲ್ಲಮ್ಮ, ಸಂಬಳ ಏನು ಹೀಗೇ ಇರುತ್ತಾ?" ಎಂದು ನಮ್ಮ ಭಾವನವರು ಕೇಳಿದರು. ಸಂಬಳ ಏರುತ್ತದೆ ನಿಜ. ಬಡ್ಡಿಯೂ ಏರುತ್ತದೆ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುತ್ತಿರುವ ಚರ ಬಡ್ಡಿಯ ಹೊಸ ಗೃಹಸಾಲಗಳೆಲ್ಲ ಹೊರಗಿನ ಒಂದು ಮಾನದಂಡಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಜೋಡಿಸಿಕೊಂಡಿವೆ. 2022ರ ಮೇ ತಿಂಗಳಲ್ಲಿ ಶೇ 4ರಿಂದ ಮೇಲೇರತೊಡಗಿದ ರೆಪೊ 2023ರ ಫೆಬ್ರುವರಿಗೆ ಶೇ 6.5 ಮುಟ್ಟಿತು. ಶೇ 6.7ರಲ್ಲಿ 20 ವರ್ಷಕ್ಕೆಂದು 50 ಲಕ್ಷ ತೆಗೆದವರ ಕಂತು ಸುಮಾರು 37,900. ಎರಡು ವರ್ಷ ಕಟ್ಟಿದ ಮೇಲೆ ಅವರ ದರ 9.2ಕ್ಕೆ ಏರಿತೆನ್ನಿ. ಆಗ ಉಳಿದಿರುವ ಸಾಲಕ್ಕೆ ತಿಂಗಳ ಬಡ್ಡಿಯೇ 36,400. ಕಂತು ಹೆಚ್ಚಿಸದೆ ಅಷ್ಟನ್ನೇ ಕಟ್ಟುತ್ತ ಹೋದರೆ ಸಾಲ ತೀರಲು ಇನ್ನೂ 35 ವರ್ಷ ಬೇಕು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೂ ಕಂತು ನಿಲ್ಲುವುದಿಲ್ಲ. ಸಾಲಗಾರರಿಗೆ ಗೊತ್ತೇ ಆಗದಂತೆ ಅವಧಿ ಹೀಗೆ ಉದ್ದವಾಗಬಾರದೆಂದು, ದರ ಬದಲಾದಾಗ ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಅವರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು.

ಆದ್ದರಿಂದ ಇವತ್ತಿನ ದರದಲ್ಲಿ ಲೆಕ್ಕ ಹಾಕಿದ ಮೇಲೆ ಶೇ 2 ಸೇರಿಸಿ ಇನ್ನೊಮ್ಮೆ ಹಾಕಲೇಬೇಕು. ಶೇ 10.5ರಲ್ಲಿ ಲಕ್ಷಕ್ಕೆ 998. ನಮ್ಮ 40 ಲಕ್ಷಕ್ಕೆ ಕಂತು 39,900 ಆಗುತ್ತದೆ. ತೆಗೆದಿಡುವ 7,000ವನ್ನು ಕೆಲಕಾಲ ತಡೆದರೆ ಆ ಹೆಚ್ಚುವರಿ ಐದು ಸಾವಿರ ಹೊಂದಿಸಬಹುದು, ಶಾಲೆಗೂ ಔಷಧಿಗೂ ಕೈಹಾಕಬೇಕಾಗಿಲ್ಲ. 69 ಲಕ್ಷ ತೆಗೆದಿದ್ದರೆ ಇದೇ ಏರಿಕೆಗೆ ಕಂತು ಸುಮಾರು ಒಂಬತ್ತು ಸಾವಿರ ಜಾಸ್ತಿಯಾಗುತ್ತಿತ್ತು, ಅದೂ ಏನೂ ಉಳಿಯದ ಸಂಸಾರದ ಮೇಲೆ.

ಪುಸ್ತಕದ ಲೆಕ್ಕ ನಿಜಕ್ಕೂ ನಡೆಯುತ್ತದೆಯೇ ಎಂದು ತಿಳಿಯಲು ಒಂದು ದಾರಿಯಿದೆ. ಮನೆ ಕೊಳ್ಳುವ ಮೊದಲೇ ಕಂತು ಕಟ್ಟಲು ಶುರು ಮಾಡಿ, ನಿಮ್ಮದೇ ಖಾತೆಗೆ. ಕಂತು, ಮೇಂಟೆನೆನ್ಸು ಸೇರಿದ ಮೊತ್ತದಲ್ಲಿ ಬಾಡಿಗೆ ಕಳೆದು ಉಳಿದದ್ದನ್ನು ನಾವು ಸಂಬಳ ಬಂದ ದಿನವೇ ಆರ್‌ಡಿಗೆ ಹಾಕುತ್ತಿದ್ದೆವು. ಮೇ, ಜೂನ್ ತಿಂಗಳಲ್ಲಿ ಶಾಲೆಯ ಫೀಸು, ಪುಸ್ತಕ, ಸಮವಸ್ತ್ರ ಒಟ್ಟಿಗೇ ಬಂದು ಎಷ್ಟು ಬಿಗಿಯಾಯಿತೆಂದು ಅನುಭವಕ್ಕೆ ಬಂತು. ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದದ್ದೂ ಆ ವರ್ಷವೇ. ಆದರೂ ಆರ್‌ಡಿ ಒಂದು ತಿಂಗಳೂ ತಪ್ಪಲಿಲ್ಲ. 35,000 ನಮ್ಮ ಮನೆಗೆ ಸರಿಯಾದ ಮೊತ್ತ ಎಂಬ ಧೈರ್ಯ ಬಂದದ್ದು ಆಗಲೇ, ಆ ಹಣ ಮುಂಗಡಕ್ಕೂ ಆಯಿತು.

ಇನ್ನು ಕೈಯಿಂದ ಹಾಕುವ ದುಡ್ಡು. ಉಳಿತಾಯವೆಲ್ಲ ಸೇರಿ 22 ಲಕ್ಷ ಇತ್ತು. ಅದರಲ್ಲಿ ಆರು ತಿಂಗಳ ಖರ್ಚು ಮತ್ತು ಕಂತಿಗೆಂದು 6 ಲಕ್ಷ ಮುಟ್ಟಬಾರದೆಂದು ತೆಗೆದಿಟ್ಟೆವು. ಇಬ್ಬರದೂ ಖಾಸಗಿ ಕೆಲಸ, ಇದರಲ್ಲಿ ರಾಜಿ ಸಾಧ್ಯವಿರಲಿಲ್ಲ. ಉಳಿದದ್ದು 16 ಲಕ್ಷ. ಸಾಲ 40, ಕೈಯಿಂದ 16, ಒಟ್ಟು 56 ಲಕ್ಷ. ಆದರೆ 56 ಲಕ್ಷದ ಮನೆ ಕೊಳ್ಳಬಹುದೆಂದು ಇದರ ಅರ್ಥವಲ್ಲ. ಸಾಲ 30ರಿಂದ 75 ಲಕ್ಷದ ನಡುವೆ ಇದ್ದರೆ ಮನೆಯ ಬೆಲೆಯ ಶೇ 80ರಷ್ಟನ್ನು ಮಾತ್ರ ಬ್ಯಾಂಕು ಕೊಡಬಹುದು. ಆ ಬೆಲೆಗೆ ನೋಂದಣಿಯ ಖರ್ಚು ಸೇರುವುದಿಲ್ಲ, ಅದು ಪೂರ್ತಿ ನಮ್ಮದೇ. ಕರ್ನಾಟಕದ ನಗರಗಳಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಆಗ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಈಗ ಕೊಳ್ಳುವವರು ಶೇ 7.6 ಎಂದು ಹಿಡಿಯಬೇಕು, ಅದೂ ಕೊಂಡ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

ಹೊಸ ಫ್ಲ್ಯಾಟುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಉತ್ತರಹಳ್ಳಿ ಕಡೆ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮಗೆ ಹೇಳಿದ್ದು "ಅರವತ್ತೆರಡು ಲಕ್ಷ". ಕಾಸ್ಟ್ ಶೀಟ್ ಕೊಡಿ ಎಂದು ಕೇಳಿದೆ. 1,150 ಚದರಡಿಗೆ 5,400ರಂತೆ 62.1 ಲಕ್ಷ ಸರಿಯಾಗಿಯೇ ಇತ್ತು. ಅದರ ಕೆಳಗೆ ಕಾರ್ ಪಾರ್ಕಿಂಗ್ 3 ಲಕ್ಷ, ಐದನೇ ಮಹಡಿಯಾದ್ದರಿಂದ ಫ್ಲೋರ್ ರೈಸ್ 1.15 ಲಕ್ಷ, ಕ್ಲಬ್‌ಹೌಸ್ 2 ಲಕ್ಷ, ಬೆಸ್ಕಾಂ ಮತ್ತು ಜಲಮಂಡಳಿಗೆಂದು 2.5 ಲಕ್ಷ. ಇಷ್ಟರ ಮೇಲೆ ಶೇ 5ರ ಜಿಎಸ್‌ಟಿ. ಆಮೇಲೆ ಎರಡು ವರ್ಷದ ಮೇಂಟೆನೆನ್ಸ್ ಮುಂಗಡ, ಕಾರ್ಪಸ್ ಫಂಡ್, ಲೀಗಲ್ ಚಾರ್ಜು, ಕೊನೆಗೆ ನೋಂದಣಿ. ಕ್ಯಾಲ್ಕುಲೇಟರಿನಲ್ಲಿ ಕೂಡಿದಾಗ 81 ಲಕ್ಷದ ಹತ್ತಿರ ಬಂತು. 1,150 ಎನ್ನುವುದು ಸೂಪರ್ ಬಿಲ್ಟ್ ಅಪ್ ಬೇರೆ. ಗೋಡೆಗಳ ಒಳಗೆ ನಿಮಗೆ ಓಡಾಡಲು ಸಿಗುವುದು ಕಾರ್ಪೆಟ್ ಏರಿಯಾ, ರೇರಾ ಕಾಯ್ದೆ ಪ್ರಕಾರ ಅದನ್ನು ಅವರು ಹೇಳಲೇಬೇಕು. ಕೇಳಿ ಬರೆಸಿಕೊಳ್ಳಿ.

ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಸಿಕ್ಕ, ಯಾರೋ ವಾಸವಿದ್ದು ಮಾರುತ್ತಿರುವ ಮನೆಗೆ ಜಿಎಸ್‌ಟಿ ಇಲ್ಲ. ನಾವು ಆ ಕಡೆಗೇ ಹೊರಳಿದೆವು. ಕೆಂಗೇರಿಯ ಆಚೆ, ಮೆಟ್ರೊಗೆ ಹತ್ತಿರ, ಎರಡು ಕೋಣೆಯ ಹಳೆಯ ಫ್ಲ್ಯಾಟು 49 ಲಕ್ಷಕ್ಕೆ ಕುದುರಿತು. ಸಾಲ 39.2 ಲಕ್ಷ. ಕೈಯಿಂದ 9.8 ಲಕ್ಷ, ನೋಂದಣಿಗೆ 3.2 ಲಕ್ಷ, ಬಣ್ಣ, ಅಡುಗೆಮನೆಯ ಕಪಾಟು, ವಕೀಲರ ಫೀಸು, ಸಾಮಾನು ಸಾಗಣೆಗೆ 3 ಲಕ್ಷ. ತೆಗೆದಿಟ್ಟ 6 ಲಕ್ಷ ಹಾಗೆಯೇ ಉಳಿಯಿತು.

ತೆರಿಗೆ ಉಳಿಯುತ್ತದೆಂದು ಸಾಲ ದೊಡ್ಡದು ಮಾಡಿಕೊಳ್ಳಬೇಡಿ. ನಾವೇ ವಾಸವಿರುವ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ.

ಹೀಗೆ ಲೆಕ್ಕ ಹಾಕಿದಾಗ ಕೆಲವರಿಗೆ ಬೆಂಗಳೂರಿನಲ್ಲಿ ಮನೆಯೇ ಸಿಗದ ಮೊತ್ತ ಬರಬಹುದು. ನನ್ನ ಚಿಕ್ಕಮ್ಮನ ಮಗನಿಗೆ ಹಾಗೇ ಆಯಿತು. ಹೆಂಡತಿ ಕೈಗೂಸಿನೊಂದಿಗೆ ಮನೆಯಲ್ಲಿದ್ದಾಳೆ, ಅವನೊಬ್ಬನದೇ ಸಂಬಳ. ಅವನಿಂದಾಗುವ ಕಂತು 20,000, ಅಂದರೆ ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ 24 ಲಕ್ಷದ ಸಾಲ. ಅವನ ಬೆಲೆಗೆ ದಲ್ಲಾಳಿಗಳು ತೋರಿಸಿದ್ದೆಲ್ಲ ಊರಾಚೆಯ ಬಿ ಖಾತಾ ಫ್ಲ್ಯಾಟುಗಳು. ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಅವಕ್ಕೆ ಸಾಲ ಕೊಡುವುದಿಲ್ಲ, ಕೊಡುವ ಫೈನಾನ್ಸುಗಳ ಬಡ್ಡಿ ಹೆಚ್ಚು. "ಬಾಡಿಗೆ ಕಟ್ಟೋದು ದಂಡ ಅಲ್ವಾ ಅಕ್ಕಾ?" ಎಂದು ಕೇಳಿದ. ನನ್ನ ಸಾಲದ ಮೊದಲ ತಿಂಗಳ ಕಂತನ್ನು ಅವನಿಗೆ ತೋರಿಸಿದೆ. 34,000ದಲ್ಲಿ ಅಸಲಿಗೆ ಹೋದದ್ದು ಆರು ಸಾವಿರ ಚಿಲ್ಲರೆ, ಮಿಕ್ಕ 27,800 ಬಡ್ಡಿ. ಅದೂ ಬಾಡಿಗೆಯಂತೆಯೇ ತಿರುಗಿ ಬರುವ ದುಡ್ಡಲ್ಲ, ನಾನು ಕಟ್ಟುತ್ತಿದ್ದ 18,000 ಬಾಡಿಗೆಗಿಂತ ಹೆಚ್ಚೇ. ಅವನು ಸದ್ಯಕ್ಕೆ ಯಲಹಂಕದ ಬಾಡಿಗೆ ಮನೆಯಲ್ಲೇ ಇದ್ದು, ಕಂತಿಗೂ ಬಾಡಿಗೆಗೂ ಇರುವ ಅಂತರವನ್ನು ಆರ್‌ಡಿಗೆ ಹಾಕುತ್ತಿದ್ದಾನೆ. ಹೆಂಡತಿ ಮತ್ತೆ ಕೆಲಸಕ್ಕೆ ಸೇರಿ, ಮಗುವನ್ನು ನೋಡಿಕೊಳ್ಳುವವರಿಗೆ ಎಷ್ಟು ಕೊಡಬೇಕಾಗುತ್ತದೆ ಎಂದು ಗೊತ್ತಾದ ಮೇಲೆ ಇನ್ನೊಮ್ಮೆ ಕೂತು ಲೆಕ್ಕ ಹಾಕೋಣ ಎಂದಿದ್ದೇವೆ.